ರವೆ ಬೆಲ್ಲದ ನೊಣ, ಓಲೆಗರಿಯ ಅಕ್ಷರ

ಮೈಸೂರಿನ ಮಾನಸಗಂಗೋತ್ರಿಯಲ್ಲಿ ನೊಣಗಳಿಗೆ ಅಡುಗೆ ಮಾಡುತ್ತಾರೆ. ಬೆಲ್ಲ, ಗೋಧಿ ರವೆ, ಕಡಲಪಾಚಿಯಿಂದ ತೆಗೆದ ಅಗರ್ ಎಂಬ ಅಂಟು, ನೀರು. ಎಲ್ಲವನ್ನೂ ಕುದಿಸಿ, ಬೂಷ್ಟು ಹಿಡಿಯದಿರಲಿ ಎಂದು ಸ್ವಲ್ಪ ಪ್ರೊಪಿಯಾನಿಕ್ ಆಮ್ಲ ಬೆರೆಸಿ, ಬಿಸಿಯಿರುವಾಗಲೇ ಗಾಜಿನ ಬಾಟಲಿಗಳಿಗೆ ಸುರಿಯುತ್ತಾರೆ. ಆರಿದ ಮೇಲೆ ಅದು ಗಟ್ಟಿ ಸಜ್ಜಿಗೆಯ ಹಾಗೆ ಕೂರುತ್ತದೆ. ಮೇಲೆ ಒಂದೆರಡು ಹನಿ ಯೀಸ್ಟ್, ಬಾಯಿಗೆ ಹತ್ತಿಯ ಬಿರಡೆ. ಒಳಗೆ ಡ್ರೊಸೊಫಿಲಾ ಎಂಬ ಹಣ್ಣಿನ ನೊಣ. ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುತ್ತವಲ್ಲ, ಆ ಪುಟ್ಟ ನೊಣಗಳ ಬಳಗ.

ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ. ಅಲ್ಲಿ ಓಲೆಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರೆ. ಒಣಗಿ ಪುಡಿಯಾಗುತ್ತಿದ್ದ ಗರಿ ಮೆತ್ತಗಾಗುತ್ತದೆ, ಆ ವಾಸನೆಗೆ ಹುಳು ಹತ್ತಿರ ಬರುವುದಿಲ್ಲ.

ಎರಡೂ ಒಂದೇ ವಿಶ್ವವಿದ್ಯಾನಿಲಯದ ಮನೆಗಳು. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾನಿಲಯದ ಛಾವಣಿಯ ಕೆಳಗೆ ಇಂಥ ಕೆಲಸಗಳು ಎಷ್ಟೋ ನಡೆದಿವೆ. ಇಲ್ಲಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿದರು. 'ಆಕಾಶವಾಣಿ' ಎಂಬ ಹೆಸರು ಆ ನಿಲಯದ್ದೇ. ಜನರ ತೆರಿಗೆ ದುಡ್ಡಿನಲ್ಲಿ ಒಂದು ಕಡೆ ನೊಣ ಸಾಕಿ, ಇನ್ನೊಂದು ಕಡೆ ಹಳೆಯ ಗರಿ ಒರೆಸುವುದರಲ್ಲಿ ಏನರ್ಥ ಎಂದು ಕೇಳುವವರಿದ್ದಾರೆ. ನನಗೆ ಅನ್ನಿಸುವುದು ಇಷ್ಟು: ಎರಡು ಕೋಣೆಗಳಲ್ಲೂ ಕೇಳುತ್ತಿರುವ ಪ್ರಶ್ನೆ ಒಂದೇ. ಒಂದನ್ನು ನೋಡಿ ಇನ್ನೊಂದನ್ನು ಮಾಡುತ್ತಾ ಹೋದರೆ ಏನಾಗುತ್ತದೆ?

ಮೊದಲು ಗರಿಯ ಕಡೆ ಹೋಗೋಣ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ಕಟ್ಟು ಓಲೆಗರಿಯನ್ನು ಇದೇ ಸಂಶೋಧನಾಲಯದ ಗ್ರಂಥಾಲಯಕ್ಕೆ ಕೊಟ್ಟರು. ಅದು ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ 'ಗ್ರಂಥ' ಎಂಬ ಲಿಪಿಯಲ್ಲಿತ್ತು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಕೂತು ಓದಿದರು. ಹೆಸರಷ್ಟೇ ಉಳಿದು, ಪುಸ್ತಕ ಕಳೆದೇಹೋಯಿತು ಎಂದು ಎಲ್ಲರೂ ಭಾವಿಸಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದು! 1909ರಲ್ಲಿ ಅಚ್ಚಾಯಿತು. ಆಮೇಲೆ ಮಲಯಾಳಂ ಲಿಪಿಯ ಪ್ರತಿಗಳು ಸಿಕ್ಕವು, ಗುಜರಾತಿನ ಪಾಟಣದಲ್ಲಿ ಒಂದು ತುಣುಕು ಸಿಕ್ಕಿತು. ಎಲ್ಲವನ್ನೂ ಪಕ್ಕಪಕ್ಕ ಇಟ್ಟುಕೊಂಡು ಮುಂಬಯಿ ವಿಶ್ವವಿದ್ಯಾನಿಲಯದಿಂದ ಆರ್.ಪಿ. ಕಾಂಗ್ಲೆ 1960ರಲ್ಲಿ ಹೊಸ ಆವೃತ್ತಿ ತಂದರು.

ಪಕ್ಕಪಕ್ಕ ಇಟ್ಟು ನೋಡುವುದು ಅಂದೆನಲ್ಲ, ಅದು ಸುಮ್ನೆ ಮಾಡುವ ಕೆಲಸವಲ್ಲ. ಓಲೆಗರಿ ಹೆಚ್ಚೆಂದರೆ ಕೆಲವು ನೂರು ವರ್ಷ ಬಾಳುತ್ತದೆ. ಹಾಗಾಗಿ ಯಾರೋ ಒಬ್ಬರು ಮತ್ತೆ ಕಂಟ ಎಂಬ ಚೂಪು ಕಡ್ಡಿಯಿಂದ ಕೊರೆದು, ಮಸಿ ಸವರಿ, ಹೊಸ ಪ್ರತಿ ಮಾಡಬೇಕು. ಪ್ರತಿ ಮಾಡುವಾಗ ತಪ್ಪಾಗುತ್ತದೆ. ಗರಿಯ ಮೇಲೆ 'ಪ' ಮತ್ತು 'ವ' ಒಂದೇ ಥರ ಕಾಣುತ್ತವೆ. ಒಂದೇ ಪದ ಎರಡು ಸಾಲಿನಲ್ಲಿ ಬಂದರೆ ಕಣ್ಣು ಮೇಲಿನದರಿಂದ ಕೆಳಗಿನದಕ್ಕೆ ಜಾರುತ್ತದೆ, ನಡುವಿನ ಸಾಲು ಬಿಟ್ಟೇಹೋಗುತ್ತದೆ. ಹಳಗನ್ನಡದ 'ೞ' ಉಚ್ಚಾರ ಮರೆತ ಕಾಲದ ಲಿಪಿಕಾರ ಅದನ್ನು 'ಳ' ಎಂದೇ ಬರೆದುಬಿಡುತ್ತಾನೆ.

ಈ ತಪ್ಪುಗಳೇ ಸಂಪಾದಕನಿಗೆ ಸಿಗುವ ಸುಳಿವು. ಪರೀಕ್ಷೆಯಲ್ಲಿ ಇಬ್ಬರು ಹುಡುಗರು ಒಂದೇ ಸರಿ ಉತ್ತರ ಬರೆದರೆ ಅದರಲ್ಲಿ ವಿಶೇಷವೇನಿಲ್ಲ. ಇಬ್ಬರೂ ಒಂದೇ ವಿಚಿತ್ರ ತಪ್ಪು ಬರೆದಿದ್ದರೆ ಮೇಷ್ಟ್ರಿಗೆ ಗೊತ್ತಾಗುತ್ತದೆ, ಅಲ್ವಾ? ಹಾಗೆಯೇ ಎರಡು ಪ್ರತಿಗಳಲ್ಲಿ ಒಂದೇ ಕಡೆ ಒಂದೇ ಸಾಲು ಬಿಟ್ಟುಹೋಗಿದ್ದರೆ, ಎರಡೂ ಒಂದೇ ತಾಯಿ ಪ್ರತಿಯಿಂದ ಬಂದವು. ಹೀಗೆ ಹಂಚಿಕೊಂಡ ತಪ್ಪುಗಳನ್ನು ಹಿಡಿದು ಪ್ರತಿಗಳ ವಂಶವೃಕ್ಷ ಬರೆಯಬಹುದು. ಇದನ್ನು ಕನ್ನಡಕ್ಕೆ ಶಾಸ್ತ್ರವಾಗಿ ಬರೆದುಕೊಟ್ಟವರು ಇದೇ ವಿಶ್ವವಿದ್ಯಾನಿಲಯದ ಡಿ.ಎಲ್. ನರಸಿಂಹಾಚಾರ್. 'ವಡ್ಡಾರಾಧನೆ'ಯನ್ನು ಸಂಪಾದಿಸಿದವರೂ ಅವರೇ.

ಈಗ ನೊಣದ ಕಡೆ ಬನ್ನಿ. ಪ್ರಾಣಿಶಾಸ್ತ್ರ ಓದಿದವರಿಗೆ ಈ ಪ್ರಾಯೋಗಿಕ ತರಗತಿ ನೆನಪಿರುತ್ತದೆ. ಬಾಟಲಿಯ ಗೋಡೆ ಹತ್ತುತ್ತಿರುವ ದಪ್ಪ ಮರಿಹುಳು ಒಂದನ್ನು ತೆಗೆದು ಗಾಜಿನ ಪಟ್ಟಿಯ ಮೇಲೆ, ಉಪ್ಪುನೀರಿನ ಹನಿಯಲ್ಲಿ ಇಡಬೇಕು. ಒಂದು ಸೂಜಿಯಿಂದ ಮೈ ಒತ್ತಿ ಹಿಡಿದು, ಇನ್ನೊಂದರಿಂದ ತಲೆಯನ್ನು ಮೆಲ್ಲಗೆ ಎಳೆಯಬೇಕು. ತಲೆಯ ಜೊತೆ ಎರಡು ಹೊಳೆಯುವ ಪುಟ್ಟ ಚೀಲಗಳು ಬರುತ್ತವೆ. ಅವೇ ಜೊಲ್ಲುಗ್ರಂಥಿಗಳು. ಬಣ್ಣ ಹಾಕಿ, ತೆಳು ಗಾಜು ಮುಚ್ಚಿ, ಹೀರುಕಾಗದ ಇಟ್ಟು, ಹೆಬ್ಬೆರಳಿನಿಂದ ಒತ್ತಬೇಕು. ಗಾಜು ಒಂದಿಷ್ಟು ಜರುಗಿದರೂ ಎಲ್ಲ ಕೆಟ್ಟಿತು. ಸರಿಯಾಗಿ ಬಂದರೆ ಸೂಕ್ಷ್ಮದರ್ಶಕದ ಕೆಳಗೆ ದೈತ್ಯ ವರ್ಣತಂತುಗಳು (ವಂಶವಾಹಿಗಳನ್ನು ಹೊತ್ತ ಎಳೆಗಳು, ಕ್ರೋಮೋಸೋಮ್) ಹರಡಿಕೊಂಡಿರುತ್ತವೆ, ಪಟ್ಟಾಪಟ್ಟಿ ಬಟ್ಟೆಯ ಲಾಡಿಗಳ ಹಾಗೆ.

ಆ ಪಟ್ಟೆಗಳ ಕ್ರಮವನ್ನು ಸಾಲಿನ ಅಕ್ಷರಗಳ ಹಾಗೆ ಓದಬಹುದು. ಕೆಲವು ಕಡೆ ಒಂದು ತುಂಡು ತಲೆಕೆಳಗಾಗಿ ಕೂತಿರುತ್ತದೆ. ಹಿಂದೆ ಯಾವಾಗಲೋ ವರ್ಣತಂತು ಮುರಿದು, ತಿರುಗಿ ಅಂಟಿಕೊಂಡ ಗುರುತು ಅದು. ತಂದೆಯಿಂದ ನೇರ ತುಂಡು, ತಾಯಿಯಿಂದ ತಿರುಗಿದ ತುಂಡು ಬಂದಿದ್ದರೆ ಎರಡೂ ಜೋಡಿಯಾಗಲು ಹೆಣಗಿ, ಅಲ್ಲೊಂದು ಕುಣಿಕೆ ಬೀಳುತ್ತದೆ. ಬೇರೆ ಬೇರೆ ಊರಿನ ನೊಣಗಳಲ್ಲಿ ಅದೇ ಜಾಗದಲ್ಲಿ ಅದೇ ತುಂಡು ತಿರುಗಿದ್ದರೆ, ಅವು ಒಂದೇ ಮೂಲದವು. ಲಿಪಿಕಾರನ ಬಿಟ್ಟುಹೋದ ಸಾಲಿನ ಲೆಕ್ಕವೇ ಇಲ್ಲೂ.

ಇದು ಬರೀ ಹೋಲಿಕೆಯಲ್ಲ. 1998ರಲ್ಲಿ ಇಂಗ್ಲೆಂಡಿನ ಸಂಶೋಧಕರು ಜೀವಿಗಳ ವಂಶವೃಕ್ಷ ಬಿಡಿಸುವ ಕಂಪ್ಯೂಟರ್ ವಿಧಾನವನ್ನೇ ತೆಗೆದುಕೊಂಡು, ಚಾಸರ್ ಕವಿಯ 'ಕ್ಯಾಂಟರ್ಬರಿ ಟೇಲ್ಸ್'ನ ಒಂದು ಭಾಗದ 58 ಹಸ್ತಪ್ರತಿಗಳಿಗೆ ಹಾಕಿದರು. ಪ್ರತಿಗಳು ಗುಂಪುಗುಂಪಾಗಿ ಬೇರ್ಪಟ್ಟವು.

ಆದರೆ ವೃಕ್ಷ ಅನ್ನುವ ಮಾತು ಎಲ್ಲ ಕಡೆ ನಡೆಯುವುದಿಲ್ಲ. ಮೈಸೂರಿನ ನೊಣಗಳ ಕಥೆ ನನಗೆ ಜಾಸ್ತಿ ಇಷ್ಟವಾಗುವುದು ಇಲ್ಲೇ. ನಸೂಟ ಮತ್ತು ಆಲ್ಬೊಮಿಕನ್ಸ್ ಎಂದು ಎರಡು ಹತ್ತಿರದ ಸಂಬಂಧಿಗಳು. ಎರಡರಲ್ಲೂ ಗಂಡಿನ ಹಣೆ ಬೆಳ್ಳಿಯ ಹಾಗೆ ಬೆಳ್ಳಗೆ. ನೋಡಲು ಬೇರೆ ಮಾಡುವುದೇ ಕಷ್ಟ. ಆದರೆ ನಸೂಟಕ್ಕೆ 8 ವರ್ಣತಂತು, ಆಲ್ಬೊಮಿಕನ್ಸ್‌ಗೆ 6. ಹಿಂದೆಂದೋ ಆಲ್ಬೊಮಿಕನ್ಸ್‌ನ ಮೂರನೆಯ ವರ್ಣತಂತು ಲಿಂಗ ವರ್ಣತಂತುವಿಗೆ ಅಂಟಿಕೊಂಡಿತ್ತು. ಕೊಡಗಿನ ನಸೂಟವನ್ನೂ ಜಪಾನಿನ ಒಕಿನಾವಾದ ಆಲ್ಬೊಮಿಕನ್ಸನ್ನೂ ಎಚ್.ಎ. ರಂಗನಾಥ್ ಮತ್ತು ಅವರ ಸಂಗಡಿಗರು ಮಾನಸಗಂಗೋತ್ರಿಯ ಬಾಟಲಿಯಲ್ಲಿ ಕೂಡಿಸಿದರು.

ಮರಿಗಳು ಬಂಜೆಯಾಗಲಿಲ್ಲ. ತಲೆಮಾರು ತಲೆಮಾರು ಹಾಗೇ ಬಿಟ್ಟರು. ಮೊದಮೊದಲು ವರ್ಣತಂತುಗಳ ಲೆಕ್ಕ ಕಲಸುಮೇಲೋಗರ. ಬರಬರುತ್ತಾ ಒಂದೊಂದು ಬಾಟಲಿಯ ವಂಶ ಒಂದೊಂದು ಲೆಕ್ಕಕ್ಕೆ ನೆಲೆಗೊಂಡಿತು. ಒಂದು ವಂಶದಲ್ಲಂತೂ ಹೆಣ್ಣಿಗೆ 6, ಗಂಡಿಗೆ 7! ಇಂಥ ಹೊಸ ವಂಶಗಳಿಗೆ 'ಸೈಟೋರೇಸ್' ಎಂದು ಹೆಸರಿಟ್ಟರು. ಹತ್ತಕ್ಕೂ ಹೆಚ್ಚು ಹುಟ್ಟಿವೆ. ಕಾಡಿನಲ್ಲಿ ಎಲ್ಲೂ ಇಲ್ಲದ, ರವೆ ಬೆಲ್ಲ ತಿಂದು ಮೈಸೂರಿನಲ್ಲೇ ಹುಟ್ಟಿದ ವಂಶಗಳು. ಇಲ್ಲಿ ಕೊಂಬೆ ಕವಲೊಡೆದದ್ದಲ್ಲ, ಎರಡು ಕೊಂಬೆ ಸೇರಿ ಹೊಸ ಚಿಗುರು ಬಂದದ್ದು.

ಗ್ರಂಥಸಂಪಾದಕರಿಗೂ ಈ ತಲೆನೋವು ಗೊತ್ತು. ಎರಡು ಪ್ರತಿ ಎದುರಿಗಿಟ್ಟುಕೊಂಡು, ಇದರಿಂದ ಒಂದು ಪಾಠ (ಅಂದರೆ ಒಂದು ಪದ ಅಥವಾ ಸಾಲಿನ ರೂಪ), ಅದರಿಂದ ಒಂದು ಪಾಠ ಆರಿಸಿ ಬರೆದ ಲಿಪಿಕಾರ ವಂಶವೃಕ್ಷವನ್ನೇ ಗೋಜಲು ಮಾಡಿರುತ್ತಾನೆ. ಅಂಥ ಪ್ರತಿ ಯಾವ ಕೊಂಬೆಗೂ ಸರಿಯಾಗಿ ಸೇರುವುದಿಲ್ಲ.

ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವಿದೆ. ಜಾನಪದದವರ ಬಳಿ ಹೋದರೆ ಮಾತು ಇನ್ನೂ ಬೇರೆ. ಮಲೆ ಮಾದಪ್ಪನ ಕಾವ್ಯ ಹಾಡುವ ದೇವರಗುಡ್ಡ ಕಂಸಾಳೆ ಹಿಡಿದು ಇವತ್ತು ಒಂದು ಥರ, ನಾಳೆ ಇನ್ನೊಂದು ಊರಿನಲ್ಲಿ ಇನ್ನೊಂದು ಥರ ಹಾಡುತ್ತಾನೆ. ಕೇಳುವವರನ್ನು ನೋಡಿ ಒಂದು ಸಾಲು ಎಳೆಯುತ್ತಾನೆ, ಒಂದು ಸಾಲು ಬಿಡುತ್ತಾನೆ. ಅದನ್ನು ತಪ್ಪು ಅನ್ನಲಾಗದು. ಅಲ್ಲಿ ಮೂಲ ಪ್ರತಿ ಎಂಬುದೇ ಇಲ್ಲ. ಒಂದೊಂದು ಹಾಡಿಕೆಯೂ ತಾನೇ ಮೂಲ. ನೊಣದವರು, ಗರಿಯವರು, ಹಾಡಿನವರು ಒಂದು ಸಂಜೆ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಒಟ್ಟಿಗೆ ಕೂತು ಈ ಬಗ್ಗೆ ಮಾತಾಡಬೇಕು ಎಂಬುದು ನನ್ನ ದೊಡ್ಡ ಆಸೆ.

ಓಲೆಗರಿ ಕಾಯುತ್ತದೆ. ಎಣ್ಣೆ ಹಚ್ಚಿಟ್ಟರೆ ವರ್ಷಗಟ್ಟಲೆ ಕಾಯುತ್ತದೆ. ನೊಣ ಕಾಯುವುದಿಲ್ಲ. ಕೆಲವು ವಾರಕ್ಕೊಮ್ಮೆ ಹೊಸ ಬಾಟಲಿಗೆ ದಾಟಿಸದಿದ್ದರೆ ಆ ವಂಶ ಮುಗಿಯಿತು, ಮತ್ತೆ ಎಲ್ಲಿಂದಲೂ ತರಿಸಲಾಗದು. ದಸರಾ ರಜೆಯಿರಲಿ, ಜಂಬೂಸವಾರಿಯ ದಿನವೇ ಇರಲಿ, ಬಾಟಲಿ ಬದಲಿಸುವ ದಿನ ಬಂದರೆ ಯಾರೋ ಒಬ್ಬರು ಬಂದು ಒಲೆ ಹಚ್ಚಿ, ಬೆಲ್ಲ ಕರಗಿಸಿ, ರವೆ ಸುರಿಯಬೇಕು.