‘ಸಹಭಾಗಿ’ ಎಂದರೆ ಪಾಲುಳ್ಳವರು

ಬೊಜ್ಜಿನ ಕುರಿತ ಅಧ್ಯಯನಗಳಲ್ಲಿ ತೂಕ ನೋಡಿಸಿಕೊಂಡವರನ್ನೂ ಪ್ರಶ್ನಾವಳಿ ತುಂಬಿಕೊಟ್ಟವರನ್ನೂ ‘ಸಮುದಾಯ ಸಹಭಾಗಿಗಳು’ ಎಂದು ಬರೆಯುವುದು ನಿಲ್ಲಬೇಕು. ಅವರು ಮಾಹಿತಿ ಕೊಟ್ಟವರು. ಭಾಗವಹಿಸಿದವರು ಎಂದರೂ ಸರಿಯೇ. ಸಹಭಾಗಿಗಳಂತೂ ಅಲ್ಲ.

ಸಂಸ್ಕೃತದ ‘ಭಜ್’ ಧಾತುವಿಗೆ ಹಂಚು, ಹಂಚಿಕೊಳ್ಳು ಎಂಬ ಅರ್ಥವಿದೆ. ಅದರಿಂದ ‘ಭಾಗ’ ಬಂತು, ಭಾಗ ಉಳ್ಳವರು ‘ಭಾಗಿ’ಗಳಾದರು, ಜೊತೆಗೆ ಪಾಲುಳ್ಳವರು ‘ಸಹಭಾಗಿ’ಗಳು. ಅಚ್ಚಗನ್ನಡದ ‘ಪಾಲು’ ಹೇಳುವುದೂ ಇದನ್ನೇ. ‘ಭಾಗವಹಿಸು’ ಇದೇ ಮೂಲದ್ದಾದರೂ ಬಳಕೆಯಲ್ಲಿ ಸವೆದು ‘ಹಾಜರಿರು’ ಎಂಬಲ್ಲಿಗೆ ಇಳಿದಿದೆ. ಮದುವೆಯಲ್ಲಿ ಭಾಗವಹಿಸಿದವರಿಗೆ ಆ ಮನೆಯ ಆಸ್ತಿಯಲ್ಲಿ ಭಾಗ ಬರುವುದಿಲ್ಲ. ಸಂಶೋಧನೆಯಲ್ಲಿ ಆ ಆಸ್ತಿ ಎಂದರೆ ನಿರ್ಧಾರ: ಏನನ್ನು ಕೇಳಬೇಕು, ಹೇಗೆ ಅಳೆಯಬೇಕು, ಹಣ ಎಲ್ಲಿ ಖರ್ಚಾಗಬೇಕು. ಸಾರ್ವಜನಿಕ ನಿರ್ಧಾರಗಳಲ್ಲಿ ಜನರ ಕೈಗೆ ಎಷ್ಟು ಅಧಿಕಾರ ಬರುತ್ತದೆ ಎಂದು ಮೆಟ್ಟಿಲು ಮೆಟ್ಟಿಲಾಗಿ ತೋರಿಸಲು ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಕೊಟ್ಟ 8 ಮೆಟ್ಟಿಲಿನ ಏಣಿಯಲ್ಲೂ ಅಭಿಪ್ರಾಯ ಕೇಳುವುದು 4ನೆಯ ಮೆಟ್ಟಿಲು, ಪಾಲುದಾರಿಕೆ 6ನೆಯದು.

ಇದು ಬರಿಯ ಪದದ ತಕರಾರಲ್ಲ. ‘ವಾರಕ್ಕೆ ಎಷ್ಟು ನಿಮಿಷ ವ್ಯಾಯಾಮ ಮಾಡುತ್ತೀರಿ?’ ಎಂಬ ಪ್ರಶ್ನೆಯನ್ನು ನೋಡಿ. ದಿನವಿಡೀ ನಾಲ್ಕು ಮನೆಗಳ ನೆಲ ಒರೆಸಿ, ನಡೆದೇ ಓಡಾಡುವ ಹೆಂಗಸು ‘ಇಲ್ಲ’ ಎನ್ನುತ್ತಾಳೆ. ದಾಖಲೆಯಲ್ಲಿ ಆಕೆ ಮೈ ಬಗ್ಗಿಸದವಳಾಗುತ್ತಾಳೆ. ಪ್ರಶ್ನೆ ಬರೆಯುವಾಗಲೇ ಅಂಥ ಒಬ್ಬರು ಮೇಜಿನ ಬಳಿ ಕೂತಿದ್ದರೆ ಕೆಲಸ, ಓಡಾಟ, ಬಿಡುವು ಮೂರನ್ನೂ ಬೇರೆಬೇರೆಯಾಗಿ ಕೇಳಿ ಎನ್ನುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿ ಕೇಳುವುದೂ ಹಾಗೆಯೇ.

ಉಪಕರಣದಲ್ಲೂ ಇದೇ ಕಥೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ರಕ್ತದೊತ್ತಡ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಸುಮಾರು 80% ಸುತ್ತುವರಿಯಬೇಕು. ಕೈಯಿಲ್ಲದ ಅಗಲವಾದ ಕುರ್ಚಿ, ಪರದೆಯ ಮರೆಯಲ್ಲಿ ತೂಕ, ಅಂಕಿಯನ್ನು ಗಟ್ಟಿಯಾಗಿ ಕೂಗದಿರುವುದು ಮುಖ್ಯ ಎಂಬುದನ್ನು ಎಲ್ಲರಿಗಿಂತ ಮೊದಲು ಹೇಳಬಲ್ಲವರು ಬೊಜ್ಜಿನೊಡನೆ ಬದುಕುತ್ತಿರುವವರೇ. ಇವನ್ನು ಕಡೆಗಣಿಸಿದರೆ ಅವರು ಎರಡನೆಯ ಭೇಟಿಗೆ ಬರುವುದಿಲ್ಲ. ಯಾರ ಆರೋಗ್ಯದ ಅಸಮಾನತೆ ತಗ್ಗಿಸಲು ಹೊರಟೆವೋ ಅವರೇ ಲೆಕ್ಕದಿಂದ ಹೊರಗುಳಿಯುತ್ತಾರೆ.

ಕೆಡುವುದು ಹೆಚ್ಚಾಗಿ ಸಮಯದ ವಿಷಯದಲ್ಲಿ. ಸಂಶೋಧನೆ ಜನರಿಗೆ ಅನ್ಯಾಯವಾಗದಂತೆ ನಡೆಯುತ್ತದೆಯೇ ಎಂದು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆಯನ್ನು ಯೋಜನೆ ಪಡೆದ ಮೇಲೆ ಜನರನ್ನು ಕರೆದರೆ, ಅವರು ಹೇಳಿದ ಪ್ರತಿ ತಿದ್ದುಪಡಿಗೂ ಮತ್ತೆ ಅನುಮತಿ ಬೇಕು. ಹಾಗಾಗಿ ಯಾರೂ ತಿದ್ದುವುದಿಲ್ಲ. ಅರ್ಜಿ ಬರೆಯುವ ಮೊದಲೇ ಕರೆಯಿರಿ. ಅವರ ಸಮಯದ ಸಂಭಾವನೆ, ಪ್ರಯಾಣದ ಖರ್ಚು, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ, ಅನುವಾದ ಇವೆಲ್ಲ ಮೊದಲ ಆಯವ್ಯಯದಲ್ಲೇ ಇರಲಿ. ಕೂಲಿ ಬಿಟ್ಟು ಬೆಳಗ್ಗೆ 11ಕ್ಕೆ ಸಭೆಗೆ ಬನ್ನಿ ಎಂದರೆ ಬರುವವರು ಬಿಡುವುಳ್ಳವರು ಮಾತ್ರ. ಒಬ್ಬರನ್ನೇ ಕೂರಿಸಿ ಇಡೀ ಸಮುದಾಯದ ಪರವಾಗಿ ಮಾತಾಡಿಸುವುದೂ ತಪ್ಪು. ಪರಿಣತರ ನಡುವೆ ಒಬ್ಬರೇ ಇದ್ದಾಗ ಬಾಯಿ ಕಟ್ಟುತ್ತದೆ, ಇಬ್ಬರು ಮೂವರಿದ್ದರೆ ಮಾತು ಹೊರಡುತ್ತದೆ.

ವರದಿಯಲ್ಲಿ ‘ಸಹಭಾಗಿತ್ವ’ ಎಂದು ಬರೆಯುವ ಮುನ್ನ, ಅವರ ಮಾತಿನಿಂದ ಯಾವ ಪ್ರಶ್ನೆ, ಯಾವ ಅಳತೆ, ಯಾವ ಖರ್ಚು ಬದಲಾಯಿತು ಎಂದು ಪಟ್ಟಿ ಮಾಡಿ. ಪಟ್ಟಿ ಖಾಲಿ ಉಳಿದರೆ ‘ಅಭಿಪ್ರಾಯ ಕೇಳಲಾಯಿತು’ ಎಂದಷ್ಟೇ ಬರೆಯಿರಿ.