ಕುಡಿದ ಕೀಟೋನ್, ಉಪವಾಸದ ಕೀಟೋನ್

ಏಕಾದಶಿ ದಿನ ಊಟ ಬಿಟ್ಟವರ ರಕ್ತದಲ್ಲಿ ಹೊತ್ತು ಕಳೆದಂತೆ ಕೀಟೋನ್ ನಿಧಾನವಾಗಿ ಏರುತ್ತದೆ. ಲಿವರ್ ಕೊಬ್ಬಿನಿಂದ ತಯಾರಿಸುವ ಇಂಧನ ಅದು. ಅದನ್ನೇ ಈಗ ಬಾಟಲಿಯಲ್ಲಿ ತುಂಬಿ ಮಾರುತ್ತಾರೆ. ಕುಡಿದ ಸ್ವಲ್ಪ ಹೊತ್ತಿಗೇ ರಕ್ತದ ಕೀಟೋನ್ ಅಳೆಯುವ ಮೀಟರಿನ ಅಂಕಿ ಮೇಲೇರುತ್ತದೆ. ಹಾಗಾದರೆ ಕೊಬ್ಬು ಕರಗಿದಂತೆಯೇ ಅಲ್ವಾ? ಖಂಡಿತ ಇಲ್ಲ.

ಆಕ್ಸ್‌ಫರ್ಡ್ ತಂಡವೊಂದು 15 ಆರೋಗ್ಯವಂತರ ಮೇಲೆ ನಡೆಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಕೀಟೋನ್ ಎಸ್ಟರ್, ಅಂದರೆ ಕೀಟೋನನ್ನು ಒಂದು ಬಗೆಯ ಆಲ್ಕೋಹಾಲಿನ ಜೊತೆ ಬೆಸೆದ ಪಾನೀಯ, ಕುಡಿದಾಗ ಲೀಟರ್ ರಕ್ತಕ್ಕೆ ಸುಮಾರು 2.8 ಮಿಲಿಮೋಲ್ ಕೀಟೋನ್ ಕಂಡಿತು. ಕೀಟೋನ್ ಲವಣ, ಅಂದರೆ ಸೋಡಿಯಂನಂಥ ಖನಿಜದ ಜೊತೆ ಸೇರಿಸಿದ ಕೀಟೋನ್, ಕುಡಿದಾಗ 1ರ ಆಸುಪಾಸು. ರಕ್ತದ ಗ್ಲೂಕೋಸ್ ಇಳಿಯಿತು, ಟ್ರೈಗ್ಲಿಸರೈಡ್ ಎಂಬ ಕೊಬ್ಬೂ ಇಳಿಯಿತು. ಕೊಬ್ಬಿನಾಮ್ಲವೂ ಇಳಿಯಿತು.

ನನಗೆ ಮುಖ್ಯ ಅನಿಸುವುದು ಈ ಕೊನೆಯದು. ಉಪವಾಸದಲ್ಲಿ ಕೊಬ್ಬಿನ ಕೋಶಗಳು ಕೊಬ್ಬಿನಾಮ್ಲವನ್ನು ರಕ್ತಕ್ಕೆ ಬಿಡುತ್ತವೆ. ಅಲ್ಲಿ ಅದು ಏರಲೇಬೇಕು, ಲಿವರ್‌ಗೆ ಕಚ್ಚಾ ಮಾಲು ಅದೇ. ಕೀಟೋನ್ ಸಾಕಷ್ಟು ಆದಾಗ ಅದು ಕೊಬ್ಬಿನ ಕೋಶದ ಮೇಲಿರುವ ಒಂದು ಗ್ರಾಹಕಕ್ಕೆ ಅಂಟಿಕೊಂಡು, ಇನ್ನು ಬಿಡಬೇಡ ಎಂದು ತಡೆಯುತ್ತದೆ. ಹಸಿದ ದೇಹ ಕೂಡಿಟ್ಟ ಕೊಬ್ಬನ್ನು ಒಂದೇ ಸಲಕ್ಕೆ ಖಾಲಿ ಮಾಡಬಾರದಲ್ಲ, ಅದಕ್ಕೇ ಈ ಬ್ರೇಕ್. ನಾವು ಕೀಟೋನ್ ಕುಡಿದಾಗ ಇದೇ ಬ್ರೇಕನ್ನು ಹೊರಗಿನಿಂದ ಒತ್ತುತ್ತೇವೆ. ಮೀಟರಿಗೆ ಇದೆಲ್ಲ ತಿಳಿಯದು. ಅದು ಅಳೆಯುವುದು ರಕ್ತದಲ್ಲಿರುವ ಕೀಟೋನನ್ನು, ಬಂದ ದಾರಿಯನ್ನಲ್ಲ.

ಹಸಿವಿನ ಹಾರ್ಮೋನುಗಳ ಕಥೆ ಇನ್ನೂ ಸೋಜಿಗದ್ದು. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ರಾತ್ರಿಯಿಡೀ ಏನೂ ತಿನ್ನದ 15 ಮಂದಿಗೆ ಒಂದು ದಿನ ಎಸ್ಟರ್, ಇನ್ನೊಂದು ದಿನ ಅಷ್ಟೇ ಕ್ಯಾಲೊರಿಯ ಗ್ಲೂಕೋಸ್ ಪಾನೀಯ ಕೊಟ್ಟರು. ಎಸ್ಟರ್ ಕುಡಿದ ದಿನ, ಎರಡರಿಂದ ನಾಲ್ಕು ಗಂಟೆ ಕಳೆದಾಗ, ಹಸಿವು ಹೆಚ್ಚಿಸುವ ಗ್ರೆಲಿನ್ ಕಡಿಮೆ ಇತ್ತು. ಹಸಿವೂ ಕಡಿಮೆ. ಆದರೆ ಹೊಟ್ಟೆ ತುಂಬಿದೆ ಎಂದು ಸಾರುವ ಜಿಎಲ್‌ಪಿ-1 ಮತ್ತು ಪಿವೈವೈ ಎಂಬ ಹಾರ್ಮೋನುಗಳು ಕೂಡ ಕಡಿಮೆಯೇ ಇದ್ದವು! ಅಂದರೆ ತೃಪ್ತಿಯ ಸಂದೇಶ ಹೆಚ್ಚದೆಯೇ ಹಸಿವು ತಗ್ಗಿತು. ಇನ್ಸುಲಿನ್ ಕೂಡ ಗ್ಲೂಕೋಸ್ ಕುಡಿದ ದಿನಕ್ಕಿಂತ ಕೆಳಗಿತ್ತು.

ಇವೆಲ್ಲ ಕೆಲವೇ ಗಂಟೆಗಳ ಬದಲಾವಣೆ. ದೇಹ ಆ ಕೀಟೋನನ್ನು ಉರಿಸಿ ಮುಗಿಸಿದ ಮೇಲೆ ರಕ್ತ ಮೊದಲಿನಂತಾಗುತ್ತದೆ.

ಲವಣ ರೂಪದ ಪುಡಿಗಳಲ್ಲಿ ಸೋಡಿಯಂ ಸಾಕಷ್ಟಿರಬಹುದು, ಬಿಪಿ ಇರುವವರು ಚೀಟಿ ಓದಿ. ಎಸ್ಟರ್ ರಕ್ತದ ಆಮ್ಲೀಯತೆಯನ್ನು ತುಸು ಹೆಚ್ಚಿಸುತ್ತದೆ. ಆರೋಗ್ಯವಂತರ ದೇಹ ಅದನ್ನು ಸರಿದೂಗಿಸುತ್ತದೆ. ಟೈಪ್ 1 ಮಧುಮೇಹ ಇರುವವರಲ್ಲಿ ಇನ್ಸುಲಿನ್ ಸಾಲದಿದ್ದರೆ ಕೀಟೋನ್ ತಾನಾಗಿಯೇ ಮಿತಿಮೀರಿ ಜೀವಕ್ಕೆ ಅಪಾಯ ತರುತ್ತದೆ. ವೈದ್ಯರನ್ನು ಕೇಳದೆ ಅವರು ಇದನ್ನು ಮುಟ್ಟಬಾರದು.