ಕೊಡಗಿನ ಮಳೆಗಾಲಕ್ಕೆ ಡಿಜಿಟಲ್ ಫೋಟೋ ಫ್ರೇಮ್ ತಡೆದೀತೇ?

ಓದುಗರ ಪ್ರಶ್ನೆ: ನಮ್ಮ ಮನೆ ನಾಪೋಕ್ಲು ಕಡೆ. ಬೆಂಗಳೂರಿನಲ್ಲಿರುವ ಮಗಳು ಡಿಜಿಟಲ್ ಫೋಟೋ ಫ್ರೇಮ್ ಒಂದನ್ನು ಕಳುಹಿಸುತ್ತೇನೆ ಎನ್ನುತ್ತಿದ್ದಾಳೆ. ಕುಟುಂಬದ ಮೂಲಮನೆಯಾದ ಐನ್‌ಮನೆಯ ಗೋಡೆಯ ಮೇಲಿರುವ ಹಳೆಯ ಫೋಟೋಗಳನ್ನೆಲ್ಲ ಅದಕ್ಕೆ ಹಾಕಿಬಿಡಬಹುದು ಎಂಬುದು ಅವಳ ಯೋಚನೆ. ನಮ್ಮಲ್ಲಿ ಜೂನ್ ಬಂತೆಂದರೆ ಕರೆಂಟಿನ ಭರವಸೆಯಿಲ್ಲ, ಗೋಡೆಗೆಲ್ಲ ಬೂಷ್ಟು. ಇಂಥ ಕಡೆ ಈ ವಸ್ತು ಎಷ್ಟು ಕಾಲ ಬಾಳಿಕೆ ಬಂದೀತು?

ಉತ್ತರ: ಇದರ ಬಾಳಿಕೆಯನ್ನು ಒಂದೇ ಅಂಕಿಯಲ್ಲಿ ಹೇಳಲು ಬರುವುದಿಲ್ಲ. ಫ್ರೇಮಿನ ಪರದೆ, ಅದಕ್ಕೆ ವಿದ್ಯುತ್ ಕೊಡುವ ಅಡಾಪ್ಟರ್, ಫೋಟೋಗಳಿರುವ ಮೆಮೊರಿ ಕಾರ್ಡ್, ಮತ್ತು ವೈಫೈ ಮಾದರಿಯಾದರೆ ಎಲ್ಲೋ ದೂರದಲ್ಲಿ ನಡೆಯುತ್ತಿರುವ ಕಂಪನಿಯ ಸರ್ವರ್, ಈ ನಾಲ್ಕಕ್ಕೂ ಬೇರೆಬೇರೆ ಆಯಸ್ಸು. ಹಿತಮಿತವಾಗಿ ಬಳಸಿದರೆ ಪರದೆ ಎಂಟು–ಹತ್ತು ವರ್ಷ ಬಂದರೂ ಬಂದೀತು. ಅಡಾಪ್ಟರ್ ಅಷ್ಟು ಬರುವುದು ಅಪರೂಪ. ಸರ್ವರ್ ನಿಲ್ಲುವ ದಿನವಂತೂ ನಿಮ್ಮ ಕೈಯಲ್ಲಿಯೂ ಇಲ್ಲ, ನಿಮ್ಮ ಮಗಳ ಕೈಯಲ್ಲಿಯೂ ಇಲ್ಲ.

ಪರದೆಯ ಲೆಕ್ಕ ಸುಲಭ. ಎಲ್‌ಸಿಡಿ ಪರದೆಯ ಹಿಂದೆ ಬೆಳಕು ಕೊಡುವ ಎಲ್‌ಇಡಿಗಳು ಸಾಮಾನ್ಯವಾಗಿ 20,000 ಗಂಟೆ ಅಥವಾ ಅದಕ್ಕೂ ಹೆಚ್ಚು ಉರಿದ ಬಳಿಕ ಮೊದಲಿನ ಅರ್ಧದಷ್ಟು ಬೆಳಕಿಗೆ ಇಳಿಯುತ್ತವೆ ಎಂದು ತಯಾರಕರು ಲೆಕ್ಕ ಹಾಕುತ್ತಾರೆ. 20,000 ಗಂಟೆ ಎಂದೇ ಹಿಡಿದರೆ, ಹಗಲೂ ರಾತ್ರಿ ಹಚ್ಚಿಟ್ಟ ಫ್ರೇಮು ಎರಡೂಕಾಲು ವರ್ಷಕ್ಕೆ ಮಂಕಾಗುತ್ತದೆ, ದಿನಕ್ಕೆ ಆರು ಗಂಟೆ ಮಾತ್ರ ಹಚ್ಚಿದ್ದು ಒಂಬತ್ತು ವರ್ಷ ನಡೆಯುತ್ತದೆ. ಬೆಳಕಿನ ಮಟ್ಟವನ್ನು ಇಳಿಸಿಟ್ಟರೆ ಇನ್ನಷ್ಟು ಕಾಲ ಸಿಗುತ್ತದೆ. ಮಳೆಗಾಲದ ಕತ್ತಲೆ ಕವಿದ ಒಳಮನೆಗೆ ಪೂರ್ತಿ ಬೆಳಕು ಬೇಕಾಗುವುದೂ ಇಲ್ಲ.

ಮೊದಲು ಕೈಕೊಡುವುದು ಅಡಾಪ್ಟರ್, ಕೊಡಗಿನಲ್ಲಿ ಅದಕ್ಕೆ ಕಾರಣಗಳೂ ಹೆಚ್ಚು. ಕಡಿಮೆ ವೋಲ್ಟೇಜಿನಿಂದ ಹಾಳಾಗುತ್ತದೆ ಎಂಬ ಭಯ ಹಲವರಿಗಿದೆ, ಆದರೆ ಇಂದಿನ ಅಡಾಪ್ಟರುಗಳ ಮೇಲೆ 100–240 ವೋಲ್ಟ್ ಎಂದು ಬರೆದಿರುವುದನ್ನು ನೋಡಿದರೆ, ಬಲ್ಬು ಮಿಣುಕುವಷ್ಟು ಇಳಿದ ಕರೆಂಟಿನಲ್ಲಿಯೂ ಅವು ಕೆಲಸ ಮಾಡುತ್ತವೆ ಎಂಬುದು ತಿಳಿಯುತ್ತದೆ. ಅಪಾಯವಿರುವುದು ಮೇಲ್ಮಿತಿ ದಾಟಿದಾಗ. ತೋಟದ ಮಧ್ಯೆ ಹಾದುಹೋಗುವ ಲೈನಿನ ಮೇಲೆ ಮರ ಬಿದ್ದು ನ್ಯೂಟ್ರಲ್ ತಂತಿ ಮಾತ್ರ ಕಡಿದುಹೋದರೆ, 230 ವೋಲ್ಟ್ ಬರಬೇಕಾದ ಮನೆಗೆ 400 ವೋಲ್ಟಿನ ಹತ್ತಿರಕ್ಕೂ ಬರಬಹುದು, ಮತ್ತು ಆ ಕೆಲವು ಕ್ಷಣಗಳಲ್ಲಿ ಪ್ಲಗ್ಗಿನಲ್ಲಿರುವುದೆಲ್ಲ ಒಟ್ಟಿಗೇ ಸುಟ್ಟುಹೋಗಬಹುದು. ಇನ್ನು ಸಿಡಿಲಿನ ಕಾಲ ಮಳೆಗಾಲದ ನಟ್ಟನಡುವಿನದಲ್ಲ. ಏಪ್ರಿಲ್–ಮೇ ತಿಂಗಳ ಸಂಜೆ ಮಳೆ ಮತ್ತು ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ಆಸುಪಾಸಿನ ಗುಡುಗು ಮಳೆ ಜುಲೈ ತಿಂಗಳ ಜಡಿಮಳೆಗಿಂತ ವಿದ್ಯುತ್ ಉಪಕರಣಗಳಿಗೆ ಹೆಚ್ಚು ಕೇಡು ಮಾಡುತ್ತವೆ. ಗುಡುಗು ಕೇಳಿದಾಗ ಸ್ವಿಚ್ ಆರಿಸಿದರೆ ಸಾಲದು, ಏಕೆಂದರೆ ಸ್ವಿಚ್ಚು ಕಡಿದುಹಾಕುವುದು ಫೇಸ್ ತಂತಿಯನ್ನು ಮಾತ್ರ, ನ್ಯೂಟ್ರಲ್ ಹಾಗೇ ಸಂಪರ್ಕದಲ್ಲಿ ಉಳಿಯುತ್ತದೆ. ಆದ್ದರಿಂದ ಪ್ಲಗ್ಗನ್ನೇ ಕಿತ್ತು ಹೊರಗಿಡಬೇಕು. ಸ್ಪೈಕ್ ಗಾರ್ಡ್ ಹಾಕಿದ್ದೇವೆ ಎಂದು ನೆಚ್ಚಿಕೊಳ್ಳುವವರು ಮನೆಯ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರೀಷಿಯನ್ ಒಬ್ಬರಿಂದ ನೋಡಿಸಿಕೊಳ್ಳುವುದು ಒಳ್ಳೆಯದು, ಅದು ಸರಿಯಿಲ್ಲದಿದ್ದರೆ ಸ್ಪೈಕ್ ಗಾರ್ಡ್ ಅರ್ಧ ಕೆಲಸವನ್ನೂ ಮಾಡುವುದಿಲ್ಲ.

ಅಡಾಪ್ಟರ್ ಸತ್ತ ಮಾತ್ರಕ್ಕೆ ಫ್ರೇಮು ಸತ್ತಿತೆಂದು ಮೂಲೆಗೆ ಹಾಕಬೇಡಿ. ಅದೇ ವೋಲ್ಟೇಜಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ, ಪಿನ್ನು ಹೊಂದುವ, ಪ್ಲಸ್–ಮೈನಸ್ ಅದಲುಬದಲಾಗದ ಬೇರೊಂದು ಅಡಾಪ್ಟರ್ ಮಡಿಕೇರಿಯಲ್ಲಿಯೋ ಕುಶಾಲನಗರದಲ್ಲಿಯೋ ಕೆಲವು ನೂರು ರೂಪಾಯಿಗೆ ಸಿಕ್ಕರೆ ಕೆಲಸ ಮುಗಿಯಿತು. ಈ ಕಾರಣಕ್ಕೇ ಸಾಮಾನ್ಯ ಮೊಬೈಲ್ ಚಾರ್ಜರಿನಲ್ಲಿ, ಅಂದರೆ 5 ವೋಲ್ಟಿನ ಯುಎಸ್‌ಬಿ ತಂತಿಯಲ್ಲಿ ನಡೆಯುವ ಮಾದರಿಯನ್ನು ಕೊಳ್ಳುವಂತೆ ಮಗಳಿಗೆ ಹೇಳುವುದು ಜಾಣತನ: ಬದಲಿ ಚಾರ್ಜರ್ ಮನೆಯಲ್ಲಿಯೇ ಇರುತ್ತದೆ. ದುರಸ್ತಿಗೆಂದು ಫ್ರೇಮನ್ನು ಮೈಸೂರಿಗೋ ಬೆಂಗಳೂರಿಗೋ ಕಳುಹಿಸುವ ಖರ್ಚು, ಹಲವು ವೇಳೆ ಅದರ ಬೆಲೆಗೆ ಹೋಲಿಸಿದರೆ ಹೊಂದುವುದಿಲ್ಲ.

ಕೊಳ್ಳುವಾಗ ಯಾರೂ ಕೇಳದ, ಆದರೆ ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಮತ್ತೊಂದಿದೆ: ಹೋದ ಕರೆಂಟು ಮರಳಿ ಬಂದಾಗ ಫ್ರೇಮು ತಾನಾಗಿ ಹತ್ತಿಕೊಳ್ಳುತ್ತದೆಯೇ? ಕೆಲವು ಮಾದರಿಗಳು ತಾವಾಗಿಯೇ ಫೋಟೋ ತೋರಿಸಲು ತೊಡಗುತ್ತವೆ. ಕೆಲವಕ್ಕೆ ಬಟನ್ ಒತ್ತಲೇಬೇಕು. ಮತ್ತೆ ಕೆಲವು ಹತ್ತಿಕೊಂಡು ಮೆನುವಿನ ಪುಟದಲ್ಲಿಯೇ ನಿಂತುಬಿಡುತ್ತವೆ. ದಿನಕ್ಕೆ ಹತ್ತು ಸಲ ಕರೆಂಟು ಹೋಗಿಬರುವ ಮನೆಯಲ್ಲಿ, ವಯಸ್ಸಾದವರು ಪ್ರತಿ ಸಲವೂ ಎದ್ದು ಹೋಗಿ ಫ್ರೇಮಿನ ಹಿಂದಿನ ಬಟನ್ ಹುಡುಕಬೇಕಾದರೆ, ಆ ಫ್ರೇಮು ಕೆಡದಿದ್ದರೂ ಒಂದೆರಡು ವಾರದಲ್ಲಿ ಯಾರೂ ಹಚ್ಚದ ವಸ್ತುವಾಗುತ್ತದೆ. ಗಡಿಯಾರದ ವಿಷಯವೂ ಹೀಗೆಯೇ. ಬೆಳಿಗ್ಗೆ ಹತ್ತಿಕೊಂಡು ರಾತ್ರಿ ಆರುವ ಸಮಯವನ್ನು ನಿಗದಿ ಮಾಡುವ ಸೌಲಭ್ಯ ಹೆಚ್ಚಿನ ಫ್ರೇಮುಗಳಲ್ಲಿದೆ, ಆದರೆ ಒಳಗೆ ಗುಂಡಿ ಆಕಾರದ ಪುಟ್ಟ ಬ್ಯಾಟರಿ ಇಲ್ಲದ ಅಗ್ಗದ ಮಾದರಿಯಲ್ಲಿ ಕರೆಂಟು ಹೋದೊಡನೆ ಗಡಿಯಾರ ಮೊದಲಿಗೆ ಮರಳುತ್ತದೆ, ಆಮೇಲೆ ಫ್ರೇಮು ನಡುರಾತ್ರಿ ಬೆಳಗಿ ಮಧ್ಯಾಹ್ನ ಮಲಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಈ ಎರಡೂ ತೊಂದರೆ ಬಹುಮಟ್ಟಿಗೆ ತಪ್ಪುತ್ತವೆ. ಸಾಧಾರಣ ಹತ್ತಿಂಚಿನ ಫ್ರೇಮು ಎಳೆಯುವುದು ಹತ್ತು ವ್ಯಾಟಿನ ಆಸುಪಾಸು ಮಾತ್ರ. ಆದರೂ ಎರಡು ಮೂರು ದಿನ ಕರೆಂಟು ಬರುವುದಿಲ್ಲ ಎಂದು ತಿಳಿದಾಗ, ಇನ್ವರ್ಟರಿನ ಬ್ಯಾಟರಿಯನ್ನು ದೀಪಕ್ಕೂ ಮೊಬೈಲಿಗೂ ಉಳಿಸಿಕೊಳ್ಳುವುದೇ ಸರಿ.

ಇನ್ನು ಥಂಡಿಯ ಮಾತು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯಂತಹ ಕಡೆ, ಮಳೆಗಾಲ ಮುಗಿಯುವವರೆಗೆ ಫ್ರೇಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟುಬಿಡೋಣ ಎಂದು ಎಲ್ಲರಿಗೂ ತೋಚುತ್ತದೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿದೆ. ಹತ್ತಿಕೊಂಡಿರುವ ಫ್ರೇಮಿನ ಒಳಭಾಗ ಸುತ್ತಲಿನ ಗಾಳಿಗಿಂತ ಸ್ವಲ್ಪ ಬೆಚ್ಚಗಿರುವುದರಿಂದ ಅದರೊಳಗೆ ತೇವ ನೀರಾಗಿ ಕೂರುವುದಿಲ್ಲ. ತಣ್ಣಗೆ ಮುಚ್ಚಿಟ್ಟ ಫ್ರೇಮಿನಲ್ಲಿಯಾದರೋ ಚೀಲದೊಳಗೆ ಸಿಕ್ಕಿಕೊಂಡ ತೇವವೇ ಸರ್ಕ್ಯೂಟಿನ ಬೆಸುಗೆಗಳ ಮೇಲೆ ಹಸಿರು ಕಿಲುಬು ಹಿಡಿಸುತ್ತದೆ ಮತ್ತು ಮೆಮೊರಿ ಕಾರ್ಡಿನ ಸಂಪರ್ಕಗಳನ್ನು ಮಸುಕಾಗಿಸುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ದಿನಕ್ಕೆ ಕೆಲವು ಗಂಟೆ ಹಚ್ಚುವುದೇ ಮೇಲು. ಇಟ್ಟೇ ತೀರಬೇಕೆಂದಿದ್ದರೆ, ಗಾಳಿಯಾಡದ ಡಬ್ಬಿಯಲ್ಲಿ ಒಣಗಿಸಿದ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗೆ ಇಡಬೇಕು. ತೂಗುಹಾಕುವುದಾದರೆ ಇರಚಲು ಹೊಡೆಯುವ ಹೊರಗೋಡೆಯನ್ನು ಬಿಟ್ಟು ಒಳಗೋಡೆಯನ್ನು ಆರಿಸಿ. ಸೌದೆ ಒಲೆಯ ಹೊಗೆ ತಗಲುವ ಜಾಗವೂ ಬೇಡ.

ವೈಫೈ ಮಾದರಿಯ ಆಕರ್ಷಣೆ ಅರ್ಥವಾಗುವಂಥದು. ಮಗಳು ಬೆಂಗಳೂರಿನಲ್ಲಿ ಕುಳಿತು ಕಳುಹಿಸಿದ ಮೊಮ್ಮಗುವಿನ ಚಿತ್ರ ನಾಪೋಕ್ಲಿನ ಗೋಡೆಯಲ್ಲಿ ಮೂಡುವುದನ್ನು ಬೇಡವೆನ್ನುವವರಾರು? ಆದರೆ ಆ ಚಿತ್ರ ಬರುವುದು ತಯಾರಕರ ಸರ್ವರಿನ ಮೂಲಕ, ಮತ್ತು ಅದನ್ನು ನಿಲ್ಲಿಸುವ ಹಕ್ಕು ಅವರದೇ. ಹಲವು ಕಂಪನಿಗಳ ಫ್ರೇಮುಗಳಿಗೆ ಚಿತ್ರ ಒದಗಿಸುತ್ತಿದ್ದ ಫ್ರೇಮ್‌ಚಾನೆಲ್ ಎಂಬ ಸೇವೆ 2011ರಲ್ಲಿ ಮುಚ್ಚಿದಾಗ, ಯಂತ್ರದಲ್ಲಿ ಯಾವ ದೋಷವೂ ಇಲ್ಲದೆಯೇ ಆ ಸೌಲಭ್ಯ ಕಳೆದುಹೋಯಿತು. 2025ರ ಮಾರ್ಚ್ ಕೊನೆಯಲ್ಲಿ ಗೂಗಲ್ ಫೋಟೋಸ್ ತನ್ನ ನಿಯಮಗಳನ್ನು ಬಿಗಿಗೊಳಿಸಿದ ಮೇಲೆ, ಬಳಕೆದಾರರ ಆಲ್ಬಮ್ಮನ್ನು ತಾನಾಗಿ ಎಳೆದುಕೊಳ್ಳುತ್ತಿದ್ದ ಫ್ರೇಮುಗಳಿಗೂ ಅಡಚಣೆಯಾಯಿತು. ವೈಫೈ ಇರಲಿ, ಆದರೆ ಎಸ್‌ಡಿ ಕಾರ್ಡು ಅಥವಾ ಪೆನ್‌ಡ್ರೈವ್ ಹಾಕುವ ಕಿಂಡಿಯೂ ಕಡ್ಡಾಯವಾಗಿ ಇರಲಿ. ಕಿಂಡಿಯಿಲ್ಲದ ಫ್ರೇಮನ್ನು ಕೊಳ್ಳಲು ನಾನು ಯಾರಿಗೂ ಹೇಳಲಾರೆ.

ಐನ್‌ಮನೆಯ ಫೋಟೋಗಳ ವಿಚಾರಕ್ಕೆ ಬಂದರೆ, ಫ್ರೇಮು ಅವುಗಳನ್ನು ತೋರಿಸುವ ಸಾಧನವೇ ಹೊರತು ಕಾಪಾಡುವ ಪೆಟ್ಟಿಗೆಯಲ್ಲ. ಸಾಧಾರಣ ಹತ್ತಿಂಚಿನ ಫ್ರೇಮಿನ ಪರದೆಯಲ್ಲಿರುವುದು 1280×800, ಅಂದರೆ ಸುಮಾರು ಹತ್ತು ಲಕ್ಷ ಚುಕ್ಕೆ. ನಾಲ್ಕು ಇಂಚು ಅಗಲ ಆರು ಇಂಚು ಉದ್ದದ ಫೋಟೋವೊಂದನ್ನು ಇಂಚಿಗೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಎಂಬತ್ತಾರು ಲಕ್ಷ ಚುಕ್ಕೆ ಸಿಗುತ್ತವೆ. ಈ ದೊಡ್ಡ ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿಯೂ ಬೆಂಗಳೂರಿನ ಮನೆಯಲ್ಲಿಯೂ ಇಟ್ಟು, ಫ್ರೇಮಿಗೆ ಚಿಕ್ಕದಾಗಿಸಿದ ಪ್ರತಿಯನ್ನಷ್ಟೇ ಹಾಕಿ. ಒಂದೇ ಮನೆಯಲ್ಲಿರುವ ಒಂದೇ ಪ್ರತಿಯನ್ನು ನಂಬುವ ಸ್ಥಿತಿ 2018ರ ಆಗಸ್ಟ್ ಭೂಕುಸಿತದ ನಂತರ ಈ ಜಿಲ್ಲೆಯಲ್ಲಿ ಯಾರಿಗೂ ಉಳಿದಿಲ್ಲ. ಸೇನೆಯ ಸಮವಸ್ತ್ರದಲ್ಲಿರುವ ಅಜ್ಜಂದಿರ, ಮದುವೆಯ ಕುಪ್ಯಚೇಲೆಯ (ಕೊಡವ ಗಂಡಸರ ಸಾಂಪ್ರದಾಯಿಕ ಉಡುಪು) ಹಳೆಯ ಫೋಟೋಗಳು ತೇವದಿಂದ ಗಾಜಿಗೆ ಅಂಟಿಕೊಂಡಿದ್ದರೆ ಎಳೆದು ಬಿಡಿಸಲು ಹೋಗಬೇಡಿ, ಚಿತ್ರದ ಪದರವೇ ಗಾಜಿನ ಜೊತೆ ಕಿತ್ತು ಬರುತ್ತದೆ. ಗಾಜು ಇದ್ದ ಹಾಗೆಯೇ, ಬೆಳಕು ಪ್ರತಿಫಲಿಸದಂತೆ ಪಕ್ಕದಿಂದ ಬರುವ ಹಗಲು ಬೆಳಕಿನಲ್ಲಿ ಒಳ್ಳೆಯ ಕ್ಯಾಮರಾದಿಂದ ತೆಗೆದುಕೊಳ್ಳಿ.

ಕಾರ್ಡು 32 ಜಿಬಿಯದಾದರೆ ಸಾಕು, ಅದಕ್ಕಿಂತ ದೊಡ್ಡದನ್ನು ಹಲವು ಫ್ರೇಮುಗಳು ಓದುವುದಿಲ್ಲ. ಐಫೋನಿನ ಹೈಕ್ (HEIC) ಮಾದರಿಯ ಚಿತ್ರಗಳನ್ನು ಜೆಪೆಗ್‌ಗೆ ಬದಲಾಯಿಸಿಯೇ ಹಾಕಬೇಕು. ಕಾರ್ಡಿಗೆ ಚಿತ್ರ ತುಂಬುವ ಕೆಲಸವನ್ನು ಬ್ಯಾಟರಿ ಇರುವ ಲ್ಯಾಪ್‌ಟಾಪಿನಲ್ಲಿ ಮಾಡಿ. ಪ್ರತಿ ಮಾಡುತ್ತಿರುವಾಗ ಕರೆಂಟು ಹೋದರೆ ಇಡೀ ಕಾರ್ಡಿನ ಕಡತಪಟ್ಟಿಯೇ ಕೆಡುವ ಸಾಧ್ಯತೆಯಿದೆ.

ಇಷ್ಟೆಲ್ಲ ಏಕೆ, ಮನೆಯಲ್ಲಿರುವ ಹಳೆಯ ಟ್ಯಾಬ್ಲೆಟ್ಟನ್ನೇ ಗೋಡೆಗೆ ಸಿಕ್ಕಿಸಬಾರದೇ ಎಂದು ನಿಮ್ಮ ಮಗಳು ಕೇಳಿಯಾಳು. ಕರೆಂಟು ಹೋದರೂ ಅದು ಆರುವುದಿಲ್ಲ ಎಂಬುದು ನಿಜ, ಆದರೆ ವರ್ಷಗಟ್ಟಲೆ ಚಾರ್ಜಿನಲ್ಲಿಯೇ ಇಟ್ಟ ಲಿಥಿಯಂ ಬ್ಯಾಟರಿ ಉಬ್ಬಿಕೊಂಡು ಪರದೆಯನ್ನು ಎಬ್ಬಿಸುವುದೂ, ಕೆಲವೊಮ್ಮೆ ಬೆಂಕಿಗೆ ದಾರಿಯಾಗುವುದೂ ಉಂಟು. ಮರದ ತೊಲೆ, ಮರದ ಬಾಗಿಲುಗಳ ಹಳೆಯ ಮನೆಯ ಗೋಡೆಗೆ ಬ್ಯಾಟರಿಯಿಲ್ಲದ ಫ್ರೇಮನ್ನೇ ನಾನು ಆರಿಸುತ್ತೇನೆ.